ಒಂದೇ ಕೈಯ ಎರಡು ಸಹಿ

“ನೀನು ಯಾವ ಎಲೆಕ್ಷನ್‌ಗಾದ್ರೂ ನಿಲ್ಲು, ನನ್ನ ಓಟು ನಿನಗೇ” ಎಂದು ಅಕ್ಕ ಮಾತು ಕೊಟ್ಟಾಗ ಅವನಿಗೆ ಒಂಬತ್ತು ವರ್ಷ. ಕ್ಲಾಸ್ ಲೀಡರ್ ಚುನಾವಣೆಯಲ್ಲಿ ತನಗೆ ಬಿದ್ದದ್ದು ಒಂದೇ ಓಟು, ಅದೂ ತಾನೇ ಹಾಕಿಕೊಂಡದ್ದು ಎಂದು ಅಳುತ್ತಾ ಬಂದಿದ್ದ. ಅಪ್ಪ ಅಮ್ಮ ಇಲ್ಲದ ಆ ಮನೆಯಲ್ಲಿ ಅವನ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುತ್ತಿದ್ದವಳೂ ಅವಳೇ.

ಮೂವತ್ತೊಂದು ವರ್ಷ ಕಳೆದ ಮೇಲೆ, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಆ ತಮ್ಮ ನಗರಸಭೆಗೆ ನಿಂತಿದ್ದ. ಎಣಿಕೆ ಕೊಠಡಿಯ ತಂತಿ ಬಲೆಗೆ ಮೂಗು ಒತ್ತಿ ಒಳಗೆ ನೋಡುತ್ತಿದ್ದ. ಮೊದಲು ಅಂಚೆ ಮತ. ಚುನಾವಣಾ ಕೆಲಸಕ್ಕೆ ಹೋದ ನೌಕರರ ಮೂವತ್ತೆಂಟು ಲಕೋಟೆ. ಹದಿನೇಳನೆಯದರಲ್ಲಿದ್ದ ಮತದಾರರ ಘೋಷಣಾಪತ್ರ ನೋಡಿ ಅಧಿಕಾರಿಯ ಕೈ ನಿಂತಿತು.

“ಮತದಾರರ ಸಹಿ, ಅದನ್ನು ದೃಢೀಕರಿಸಿದ ಅಧಿಕಾರಿಯ ಸಹಿ, ಎರಡೂ ಒಂದೇ ಕೈಯದು. ಇದು ನಡೆಯಲ್ಲ.”

“ಹೋಗ್ಲಿ ಬಿಡಿ ಸಾರ್, ಒಂದು ಓಟು ತಾನೆ” ಎಂದ ಎದುರಾಳಿಯಾಗಿದ್ದ ಹಾಲಿ ಸದಸ್ಯರ ಏಜೆಂಟ್.

ಹಾಗಾದರೆ ಅದು ಅವರದೇ ಓಟು ಎಂದು ತಮ್ಮನಿಗೆ ಖಾತ್ರಿಯಾಯಿತು. “ಹೋಗ್ಲಿ ಬಿಡಿ ಅಂತಾನೇ ಇಪ್ಪತ್ತು ವರ್ಷ ವಾರ್ಡ್ ಹಾಳು ಮಾಡಿದ್ರಿ! ರೂಲ್ಸ್ ಅಂದ್ರೆ ರೂಲ್ಸ್ ಸಾರ್, ಪಕ್ಕಕ್ಕಿಡಿ. ಯಾವನೋ ತಲೆ ಇಲ್ಲದವನು ತನಗೆ ತಾನೇ ಸಾಕ್ಷಿ ಹಾಕ್ಕೊಂಡಿದ್ದಾನೆ!”

ಜೊತೆಯವರು ನಕ್ಕರು. ಮತಪತ್ರವಿದ್ದ ಒಳಗಿನ ಲಕೋಟೆಯನ್ನು ಒಡೆಯದೆಯೇ ಅಧಿಕಾರಿ ಅದರ ಮೇಲೆ ಕೆಂಪು ಶಾಯಿಯಲ್ಲಿ ‘ತಿರಸ್ಕೃತ’ ಎಂದು ಬರೆದರು.

ಮಧ್ಯಾಹ್ನದ ಹೊತ್ತಿಗೆ ಅವನು ಒಂದು ಓಟಿನಿಂದ ಸೋತಿದ್ದ. ಮರು ಎಣಿಕೆ ಮಾಡಿಸಿದ. ಆ ಒಂದು ಕದಲಲಿಲ್ಲ.

“ಬೆಳಿಗ್ಗೆ ಪಕ್ಕಕ್ಕಿಟ್ರಲ್ಲ ಸಾರ್, ಅದನ್ನ ಒಂದ್ಸಲ ತೋರಿಸ್ತೀರಾ?”

“ನೀವೇ ತಾನೆ ಬೇಡ ಅಂದಿದ್ದು?” ಎನ್ನುತ್ತಲೇ ಅಧಿಕಾರಿ ಘೋಷಣಾಪತ್ರವನ್ನು ಬಲೆಯ ಹತ್ತಿರ ಹಿಡಿದರು.

ಕೊನೆಯ ಅಕ್ಷರದಿಂದ ಕೆಳಗಿಳಿದು ಮತ್ತೆ ಮೇಲೇರುವ ಗೆರೆ. ‘ಪೋಷಕರ ಸಹಿ’ ಎಂಬಲ್ಲಿ ವರ್ಷವರ್ಷವೂ ನೋಡಿದ್ದ ಗೆರೆ. ಪಕ್ಕದಲ್ಲಿ ಹೈಸ್ಕೂಲು ಮುಖ್ಯೋಪಾಧ್ಯಾಯಿನಿಯ ಮೊಹರು. ಚುನಾವಣಾ ತರಬೇತಿಯ ದಿನ, “ನಲವತ್ತು ಜನರ ಪತ್ರಕ್ಕೆ ಸಹಿ ಮಾಡಿ ಮಾಡಿ ಕೈ ಬಿದ್ದುಹೋಯ್ತು ಕಣೋ” ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಅದೇ ಭರದಲ್ಲಿ ತನ್ನ ಪತ್ರಕ್ಕೂ ತಾನೇ ಮೊಹರು ಒತ್ತಿಬಿಟ್ಟಿದ್ದಳು. ಇನ್ನೊಬ್ಬರ ತಪ್ಪು ತಿದ್ದಿಯೇ ಮೂವತ್ತು ವರ್ಷ ಕಳೆದವಳ ಪತ್ರದಲ್ಲಿ ತಪ್ಪಿರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಸಂಜೆ ಅಕ್ಕನ ಮನೆಗೆ ಹೋದಾಗ, ಅವನು ಚಪ್ಪಲಿ ಬಿಡುವ ಮೊದಲೇ ಅವಳು ಕೇಳಿದಳು:

“ಒಂದೇ ಓಟಂತೆ? ನಂದು ಸರಿಯಾಗಿ ಬಂದು ಸೇರಿತ್ತೇನೋ?”

“ಸೇರಿತ್ತಕ್ಕ. ನೀನೂ ಹಾಕದೇ ಇದ್ದಿದ್ರೆ ಎರಡು ಓಟಲ್ಲಿ ಸೋಲ್ತಿದ್ದೆ.”

“ಸದ್ಯ” ಎಂದಳು ಅಕ್ಕ. ಸೆರಗಿನಿಂದ ಕಣ್ಣೊರೆಸಿಕೊಂಡು, ಅವನಿಗೆ ಕುಡಿಯಲು ನೀರು ತರಲು ಒಳಗೆ ಹೋದಳು.

ಆ ಲಕೋಟೆಯನ್ನು ಯಾರೂ ಒಡೆಯಲಿಲ್ಲ. ಅಕ್ಕ ಮಾತು ಉಳಿಸಿಕೊಂಡಿದ್ದಳು.