ಪ್ರೋತ್ಸಾಹದ ಚಪ್ಪಾಳೆ

"ನಿಮಗೆ ಓದಕ್ಕೆ ಬರಲ್ಲ, ನೆನಪಿರಲಿ," ಎಂದು ನಟರಾಜ ನೇತ್ರಾಳಿಗೆ ಇನ್ನೊಮ್ಮೆ ಹೇಳಿದ. "ಅಕ್ಷರ ಕೂಡಿಸ್ಕೊಂಡು ಓದಿ. ಒಂದೆರಡು ಕಡೆ ತಡವರಿಸಿ. ಒತ್ತಕ್ಷರ ಬಂದಾಗ ನನ್ನ ಮುಖ ನೋಡಿ."

ನೇತ್ರಾ ಬಿ.ಎ. ಮುಗಿಸಿದವಳು. ನಟರಾಜ ನುಗ್ಗೇಹಳ್ಳಿಯ ವಯಸ್ಕರ ಶಿಕ್ಷಣ ಕೇಂದ್ರದ ಬೋಧಕ. ಕೇಂದ್ರ ಇದ್ದದ್ದು ವರದಿಗಳಲ್ಲಿ ಮಾತ್ರ. ಇವತ್ತು ಕೇಂದ್ರಕ್ಕೆ ಹಣ ಕೊಡುವ ಹಾಸನದ ಸಂಸ್ಥೆಯಿಂದ ನೋಡಲು ಬರುತ್ತಾರೆಂದು ಸ್ವಸಹಾಯ ಸಂಘದ ಹೆಂಗಸರನ್ನು ಕರೆತಂದು ಸಮುದಾಯ ಭವನದಲ್ಲಿ ಸಾಲಾಗಿ ಕೂರಿಸಿದ್ದ. ಅವರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಿದ್ದರು, ಸಂಘದ ಲೆಕ್ಕ ಬರೆಯುವವರೂ ಇದ್ದರು. ನಿಜವಾಗಿ ಅಕ್ಷರ ಕಲಿಯುತ್ತಿದ್ದವರು ನೇತ್ರಾಳ ಅತ್ತೆ ನೀಲಗಂಗಮ್ಮ ಒಬ್ಬರೇ. ಅವರಿಗೆ ಕಲಿಸಿದ್ದೂ ನೇತ್ರಾಳೇ, ಮನೆಯ ಜಗುಲಿಯಲ್ಲಿ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ.

ಪಠ್ಯದಲ್ಲಿದ್ದ ಅರಸ, ಅಗಸ ನೀಲಗಂಗಮ್ಮನಿಗೆ ಹಿಡಿಸಿರಲಿಲ್ಲ. ಅರಸನನ್ನು ಕಟ್ಟಿಕೊಂಡು ನಾನೇನು ಮಾಡಲಿ ಎಂದು ಪುಸ್ತಕ ಮುಚ್ಚಿಟ್ಟು, ತೆಂಗಿನ ಕಪ್ಪುತಲೆ ಹುಳುವಿನ ಕರಪತ್ರವೊಂದನ್ನು ಸೊಸೆಯ ಮುಂದಿಟ್ಟಿದ್ದರು. ಅವರ ತೋಟದ ಗರಿಗಳನ್ನು ಆ ಹುಳು ತಿನ್ನುತ್ತಿತ್ತು. ಒಂದು ಪುಟ ಕಲಿಯಲು ಬೇಸಿಗೆಯೆಲ್ಲ ಹಿಡಿಯಿತು. ಅದನ್ನು ನಾಲ್ಕು ಜನರ ಮುಂದೆ ಕೊನೆಯವರೆಗೂ ಓದಬೇಕು, ಅದೊಂದೇ ಅವರ ಆಸೆ. ಅತ್ತೆಗೆ ಪೂರ್ತಿ ಓದಲು ಬಿಡುವುದಾದರೆ ಮಾತ್ರ ತಾನು ಅನಕ್ಷರಸ್ಥೆಯಾಗುತ್ತೇನೆಂದು ನೇತ್ರಾ ಷರತ್ತು ಹಾಕಿದ್ದಳು. ನಟರಾಜ ಆಗಲಿ ಎಂದಿದ್ದ.

ಸಂಸ್ಥೆಯ ಅರುಣ್‌ಕುಮಾರ್ ಕಾರಿನಿಂದ ಇಳಿದವರೇ ಮಾತು ಶುರುಮಾಡಿದರು. ವಯಸ್ಕರನ್ನು ಮಕ್ಕಳಂತೆ ಕಾಣಬಾರದು, ಅವರ ಆತ್ಮಗೌರವ ಬಹಳ ಸೂಕ್ಷ್ಮ, ಹೆಜ್ಜೆಹೆಜ್ಜೆಗೂ ಪ್ರೋತ್ಸಾಹ ಬೇಕು ಎಂದರು. ಆಮೇಲೆ ಎಲ್ಲರಿಗೂ ಒಂದು ಚಪ್ಪಾಳೆ ಕಲಿಸಿದರು. ಎರಡು ಸಲ ಕೈ ತಟ್ಟಿ, ಓದಿದವರ ಕಡೆ ಬೆರಳು ತೋರಿಸಿ, ಜಾಣೆ ಎನ್ನಬೇಕು. ಮೊಮ್ಮಕ್ಕಳನ್ನು ಕಂಡ ಹೆಂಗಸರು ಕೈ ತಟ್ಟಿ ಅಭ್ಯಾಸ ಮಾಡಿದರು.

ನೀಲಗಂಗಮ್ಮ ಎದ್ದು, ಪುಟದ ಮೇಲೆ ಬೆರಳಿಟ್ಟು ಮೊದಲ ಸಾಲು ಓದಿದರು. ಚಪ್ಪಾಳೆ ಬಿತ್ತು. ಜಾಣೆ. ಬೆಚ್ಚಿದ ಬೆರಳು ಜಾರಿತು. ಅದೇ ಸಾಲನ್ನು ಮತ್ತೆ ಓದಿದರು. ಮತ್ತೆ ಚಪ್ಪಾಳೆ, ಮತ್ತೆ ಜಾಣೆ.

"ವಸಿ ಸುಮ್ಕಿರ್ರವ್ವ. ಸಾಲು ತಪ್ತದೆ," ಎಂದರು ನೀಲಗಂಗಮ್ಮ.

ಈ ವಯಸ್ಸಿನಲ್ಲಿ ಸಂಕೋಚ ಸಹಜ ಎಂದು ಅರುಣ್‌ಕುಮಾರ್ ಸಭೆಗೆ ವಿವರಿಸಿ, ಇನ್ನಷ್ಟು ಜೋರಾಗಿ ತಟ್ಟಿಸಿದರು. ಹುಳು ಗರಿಯ ಅಡಿಯಲ್ಲಿ ಗೂಡು ಕಟ್ಟಿ ಹಸಿರನ್ನೆಲ್ಲ ಕೆರೆದು ತಿನ್ನುತ್ತದೆ ಎಂಬಲ್ಲಿಗೆ ನೀಲಗಂಗಮ್ಮ ಬಂದು ಮುಟ್ಟುವಷ್ಟರಲ್ಲಿ ಅರುಣ್‌ಕುಮಾರ್ ಗಡಿಯಾರ ನೋಡಿದರು. ಸಾಕಮ್ಮ, ಬಹಳ ಚೆನ್ನಾಗಿತ್ತು, ಇನ್ನು ಸ್ವಲ್ಪ ಚುರುಕಾದವರು ಯಾರಾದರೂ ಬರಲಿ ಎಂದರು. ಹುಳುವನ್ನು ಹೇಗೆ ಕೊಲ್ಲಬೇಕೆಂಬುದು ಪುಟದ ಕೆಳಗಿನ ಅರ್ಧದಲ್ಲಿತ್ತು. ನೇತ್ರಾ ನಟರಾಜನ ಮುಖ ನೋಡಿದಳು. ಅವನು ತಿರುಗುವ ಫ್ಯಾನು ನೋಡುತ್ತಿದ್ದ.

ನೇತ್ರಾ ಎದ್ದಳು. ತಡವರಿಸಲಿಲ್ಲ. ಕೊಟ್ಟ ಪಾಠವನ್ನು ವಾರ್ತೆ ಓದುವವರ ಹಾಗೆ ಸರಾಗವಾಗಿ ಓದಿ ಮುಗಿಸಿದಳು. ನಟರಾಜ ಬೆವರಿದ. ಅರುಣ್‌ಕುಮಾರ್ ಮಾತ್ರ ಹಿಗ್ಗಿ ಹೋದರು.

"ಮೂರೇ ತಿಂಗಳು! ನೋಡಿ, ಪ್ರೋತ್ಸಾಹ ಅಂದ್ರೆ ಇದು. ಬೋರ್ಡ್ ಮೇಲೆ ನಿಮ್ಮ ಹೆಸರು ಬರೀತೀರಾ, ಅಮ್ಮ?"

ಹೆಸರು ಬರೆಯುವ ಬದಲು ಅವಳು ಬರೆದದ್ದು ಇದು: 'ನಾನು ಬಿ.ಎ. ಓದಿದ್ದೇನೆ. ಇಲ್ಲಿ ಹೊಸದಾಗಿ ಕಲಿತವರು ನಮ್ಮ ಅತ್ತೆ. ಅವರಿಗೆ ಆ ಪುಟ ಮುಗಿಸಲು ಬಿಡಿ.'

ಅನಕ್ಷರಸ್ಥ ಹೆಂಗಸರೆಲ್ಲ ಅದನ್ನು ಒಂದೇ ಉಸಿರಿಗೆ ಓದಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅರುಣ್‌ಕುಮಾರ್ ಓದುವ ಗೋಜಿಗೆ ಹೋಗದೆ, ಅಕ್ಷರ ಮುತ್ತಿನಂತಿದೆ ಎನ್ನುತ್ತ ನೇತ್ರಾಳಿಗೆ ಶಾಲು ಹೊದಿಸಿ, ಬೋರ್ಡಿಗೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಂಡರು. ಫೋಟೋ ಅಲ್ಲಿಂದಲೇ ಸಂಸ್ಥೆಯ ವಾಟ್ಸಾಪ್ ಗುಂಪಿಗೆ ಹೋಯಿತು. ಅಲ್ಲಿಯ ಓದಿದವರಿಂದ ಒಂದರ ಮೇಲೊಂದು ಹೆಬ್ಬೆಟ್ಟು ಬಿದ್ದವು.

ಕಾರು ಹೊರಟಿತು. ಉಪ್ಪಿಟ್ಟು ಕೊಡುತ್ತಿದ್ದ ಕಡೆಗೆ ಹೆಂಗಸರು ಹೋದರು. ನಟರಾಜ ಬೀಗ ಹಿಡಿದು ಬಾಗಿಲಿಗೆ ಬಂದ. ಖಾಲಿ ಕುರ್ಚಿಗಳ ಎದುರು ನೀಲಗಂಗಮ್ಮ ಪುಟದ ನಡುವೆ ಬೆರಳಿಟ್ಟುಕೊಂಡು ನಿಂತೇ ಇದ್ದರು. ಹೊತ್ತಾಯಿತು, ಬಾಗಿಲು ಹಾಕಬೇಕು ಎಂದ ಅವನು.

ನೀಲಗಂಗಮ್ಮ ಪುಟದಿಂದ ಕಣ್ಣೆತ್ತಲಿಲ್ಲ.

"ಕುಂತ್ಕಳಿ ಮೇಷ್ಟ್ರೇ. ಹುಳ ಇನ್ನೂ ಸತ್ತಿಲ್ಲ."