ಸಿಟ್ಟಿನ ಶೀಶೆ

ಹೊರದೇಶಕ್ಕೆ ಓದಲು ಹೋಗುವವರು ತಮ್ಮ ಸಿಟ್ಟನ್ನು ಇಲ್ಲೇ ಬಿಟ್ಟುಹೋಗಬೇಕೆಂಬುದು ವೀಸಾ ಕಚೇರಿಯ ನಿಯಮ. ಯಶೋಧರಾ ಬೆರಳು ಚಾಚಿದಳು. ಸೂಜಿ ಚುಚ್ಚಿತು, ಸಿಟ್ಟು ಇಳಿದು ಶೀಶೆ ಕಂಠದವರೆಗೆ ತುಂಬಿತು.

"ಇಷ್ಟೊಂದಾ!" ಅಧಿಕಾರಿ ನಕ್ಕ. "ಅಲ್ಲಿ ಏನಮ್ಮಾ ಓದ್ತೀಯ?"

"ಕಾನೂನು ಸಾರ್," ಎಂದು ಅವಳೂ ನಕ್ಕಳು. ಹಿಂದೊಮ್ಮೆ ಹಾಸ್ಟೆಲಿನ ಹುಳ ಬಿದ್ದ ಅನ್ನವನ್ನು ವಾರ್ಡನ್ ಮೇಜಿನ ಮೇಲೆ ಸುರಿದು ಬಂದಿದ್ದ ಹುಡುಗಿ! ಗೋಡೆಗೆ ಒತ್ತಿ ನಿಂತಿದ್ದ ತಾಯಿ ತಿಪ್ಪಮ್ಮ ಮಗಳ ಮುಖವನ್ನೇ ನೋಡಿದಳು. ಯಾವ ಕಚೇರಿಗೆ ಹೋದರೂ ಚಪ್ಪಲಿ ಹೊರಗೆ ಬಿಟ್ಟು ಹೀಗೇ ನಿಲ್ಲುವುದು ಅವಳ ರೂಢಿ.

ಶೀಶೆಯನ್ನು ಮನೆಯವರು ಒಯ್ಯಬಹುದಿತ್ತು, ತೆರೆಯುವಂತಿರಲಿಲ್ಲ. ಮಗಳು ಅದನ್ನು ತಾಯಿಯ ಕೈಗಿತ್ತಳು.

"ಜ್ವಾಕಿ ಯವ್ವಾ, ಮುಚ್ಚಳ ತೆಗೀಬ್ಯಾಡ. ಸಾಹೇಬ್ರು ಬೈತಾರ."

ಸಾಹೇಬರು ಬೈಯುತ್ತಾರಂತೆ! ಮಗಳ ಬಾಯಿಂದ ಇಂಥ ಮಾತು ಎಂದೂ ಬಂದಿರಲಿಲ್ಲ. ತಿಪ್ಪಮ್ಮ ಮುಚ್ಚಳ ತಿರುವಿ, ಇದ್ದಷ್ಟನ್ನೂ ಗಟಗಟ ಕುಡಿದಳು. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು. ಅಧಿಕಾರಿಯ ಎದುರಿನ ಕುರ್ಚಿ ಎಳೆದು ಕೂತಳು.

"ಈಗ ಹೇಳು ಸಾಹೇಬ. ಒಂದು ಹುಡುಗಿ ಸಿಟ್ಟಿಗಿ ಅಂಜೂ ದೇಶ, ಅದೆಂಥಾ ದೇಶ?"