ಗುಳಿಗೆ ಕಪಾಟಿನ ಬೀಗ

ಸಮಾರ್ ದ್ವೀಪದ ಆ ಪುಟ್ಟ ಆರೋಗ್ಯ ಕೇಂದ್ರದಲ್ಲಿ ಮೇಯರ್ ಕ್ರಿಸ್ಪುಲೊ ಗುಳಿಗೆ ಕಪಾಟಿನ ಚಿಲಕಕ್ಕೆ ಬೀಗ ಸಿಕ್ಕಿಸಿಯಾಗಿತ್ತು, ಒತ್ತುವುದೊಂದೇ ಬಾಕಿ. ಬಸಿರು ತಡೆಯುವ ಗುಳಿಗೆಗಳನ್ನು ಇನ್ನು ಪುರಸಭೆಯ ಹಣದಲ್ಲಿ ಹಂಚುವುದಿಲ್ಲ ಎಂದು ಅವರು ಭಾನುವಾರ ಇಗರ್ಜಿಯಲ್ಲೇ ಮಾತು ಕೊಟ್ಟಿದ್ದರು. ಸಾಕ್ಷಿಗೆ ಫಾದರ್ ಅನ್ಸೆಲ್ಮೊ ಪಕ್ಕದಲ್ಲೇ ನಿಂತಿದ್ದರು.

ಗುಳಿಗೆಗೆಂದು ಬಂದ ಹೆಂಗಸರ ಸಾಲಿನ ಮುಂದಿದ್ದವಳು ಮರಿವಿಕ್. ಐದನೆಯ ಕೂಸು ಕಂಕುಳಲ್ಲಿತ್ತು, ಒಣಮೀನಿನ ಶೆಡ್ಡಿನ ಕೆಲಸ ಈಗಷ್ಟೇ ಮತ್ತೆ ಸಿಕ್ಕಿತ್ತು. "ಮೇಯರ್, ಬಸಿರು ನಿಂತ್ಮೇಲೆ ತೆಗೆಸೋಕೆ ಕಾನೂನು ಬಿಡಲ್ಲ, ನಿಲ್ಲದ ಹಾಗೆ ನೋಡ್ಕೊಳ್ಳೋಕೆ ನೀವು ಬಿಡಲ್ಲ. ಇರ್ಲಿ ಬಿಡಿ," ಎಂದಳು ನಗುತ್ತಲೇ. "ಆರನೇದರ ಜ್ಞಾನಸ್ನಾನಕ್ಕೆ ನಿನೊಂಗ್ ಆಗಿ ನೀವೇ ನಿಂತ್ಕೋಬೇಕು, ಅಷ್ಟೇ."

"ನಂದಕ್ಕೂ!" ಎಂದಳು ಹಿಂದಿನವಳು. "ನಂಗೆ ಅವಳೀನೇ ಆಗೋದು ಮೇಯರ್, ಎರಡಕ್ಕೂ ನೀವೇ!" ಎಂದಳು ಮತ್ತೊಬ್ಬಳು. ಫಾದರ್ ಮುಖ ಅರಳಿತು. "ಎಂಥಾ ಭಾಗ್ಯ ಮೇಯರ್! ಎಲ್ಲಕ್ಕೂ ಒಟ್ಟಿಗೇ ಜ್ಞಾನಸ್ನಾನ ಮಾಡಿಸೋಣ."

ಜ್ಞಾನಸ್ನಾನದಲ್ಲಿ ನಿನೊಂಗ್, ಅಂದರೆ ಜ್ಞಾನತಂದೆ, ಆದವನು ಆ ಮಗುವಿಗೆ ಪ್ರತಿ ಕ್ರಿಸ್ಮಸ್‌ಗೂ ಉಡುಗೊರೆ ಕೊಡಬೇಕು. ಕೇಳಿದವರಿಗೆ ಆಗುವುದಿಲ್ಲ ಎಂದ ಮೇಯರ್ ಮುಂದಿನ ಚುನಾವಣೆ ಗೆದ್ದದ್ದೂ ಇಲ್ಲ. ಕ್ರಿಸ್ಪುಲೊಗೆ ಈಗಾಗಲೇ ಅಂಥ ಮಕ್ಕಳು ಮುನ್ನೂರ ಹನ್ನೆರಡು. ಕಳೆದ ಕ್ರಿಸ್ಮಸ್ ಬೆಳಿಗ್ಗೆ ಅವರೆಲ್ಲ ಗೇಟಿನ ಮುಂದೆ ನೆರೆದಾಗ ಇವರು ಹಿತ್ತಲ ಗೋಡೆ ಹಾರಿ ಮೊಣಕಾಲು ತರಚಿಕೊಂಡಿದ್ದರು.

ಮೇಯರ್ ಸಾಲನ್ನು ತುದಿಯವರೆಗೂ ಒಮ್ಮೆ ನೋಡಿದರು. ಮೆಲ್ಲಗೆ ಬೀಗ ಕಳಚಿ ಜೇಬಿಗೆ ಹಾಕಿಕೊಂಡು, ದಾದಿ ಎಡಿತಾಳ ಕಿವಿಯ ಹತ್ತಿರ ಬಗ್ಗಿದರು: "ಗುಳಿಗೆ ಇಷ್ಟೇನಾ ಇರೋದು? ಸಾಕಾಗುತ್ತಾ ಇವರಿಗೆಲ್ಲ?"